ಬಿಸಿಲ ನಾಡಿಗೆ ಮಳೆಯ ಸೂರು

ಅರಿಜೋನಾದ ಫೀನಿಕ್ಸ್ ಸುತ್ತಲಿನ ಉಪನಗರಗಳಲ್ಲಿ ಮನೆಯ ಸೂರು ಹಳತಾದರೆ ಸಿಗುವ ಸಲಹೆ ಒಂದೇ: ಕಿತ್ತುಹಾಕಿ, ಇದ್ದದ್ದನ್ನೇ ಮತ್ತೆ ಹಾಕಿಸಿ. ಮೇಸಾದಲ್ಲಿ ಕೇಳಿ, ಟೆಂಪಿಯಲ್ಲಿ ಕೇಳಿ, ಚಾಂಡ್ಲರ್‌ನ ಹಳೆಯ ಬಡಾವಣೆಗಳಲ್ಲಿ ಕೇಳಿ. ಪಕ್ಕದ ಮನೆಯವರು, ರೂಫಿಂಗ್ ಗುತ್ತಿಗೆದಾರ, ವಿಮೆ ಕಂಪನಿಯ ಅಡ್ಜಸ್ಟರ್, ಮನೆ ಮಾರಿಸುವ ಏಜೆಂಟ್, ಬಡಾವಣೆಯ ನಿಯಮ ಕಾಯುವ ಎಚ್‌ಒಎ, ಎಲ್ಲರೂ ಒಪ್ಪಿಸುವುದು ಇದೇ ಪಾಠ. ಅದೇ ಆಸ್ಫಾಲ್ಟ್ ಶಿಂಗಲ್, ಅದೇ ಕಡುಗಂದು ಇಲ್ಲವೇ ಇದ್ದಿಲು ಬಣ್ಣ, ಅದೇ ಕೆಳಹಾಸು. ಊರೆಲ್ಲ ಸುತ್ತಿ ಬಂದರೂ ಹಳೇ ಗಂಡನ ಪಾದವೇ ಗತಿ. ಈ ಒಮ್ಮತದ ಬುಡದಲ್ಲಿ ಒಂದು ನಂಬಿಕೆ ಭದ್ರವಾಗಿ ಕೂತಿದೆ: ಸೂರು ಇರುವುದು ನೀರು ತಡೆಯಲಿಕ್ಕೆ, ಸೆಕೆ ನೋಡಿಕೊಳ್ಳಲು ಎಸಿ ಇದೆ. ಸೋರದಿದ್ದರೆ ಸೂರು ಚೆನ್ನಾಗಿದೆ, ಸೋರಿದರೆ ಕೆಟ್ಟಿದೆ.

ಮರುಭೂಮಿಯಲ್ಲಿ ಮನೆ ಮಾಡಿಕೊಂಡವರಿಗೆ ಇದಕ್ಕಿಂತ ದುಬಾರಿಯಾದ ತಪ್ಪು ತಿಳಿವಳಿಕೆ ಇನ್ನೊಂದಿಲ್ಲ.

ಆ ಊರಿನ ಮಳೆಯನ್ನೇ ನೋಡಿ. ವರ್ಷಕ್ಕೆ ಏಳೆಂಟು ಅಂಗುಲ, ಅಂದರೆ ಇನ್ನೂರು ಮಿಲಿಮೀಟರಿನ ಆಚೀಚೆ. ಮಳೆಗೆ ಬರಗೆಟ್ಟದ್ದೆಂದು ನಾವು ಹೇಳುವ ಚಳ್ಳಕೆರೆಯಲ್ಲೂ ಅದರ ಎರಡು ಪಟ್ಟಿಗಿಂತ ಹೆಚ್ಚು ಬೀಳುತ್ತದೆ. ಇನ್ನು ಬಿಸಿಲು. 2023ರಲ್ಲಿ ಜೂನ್ ಕೊನೆಯಿಂದ ಜುಲೈ ಕೊನೆಯವರೆಗೆ ಸತತ 31 ದಿನ ಫೀನಿಕ್ಸಿನ ತಾಪಮಾನ 110 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತು ಇಲ್ಲವೇ ದಾಟಿತು. ನಮ್ಮ ಲೆಕ್ಕದಲ್ಲಿ ಅದು 43 ಸೆಲ್ಸಿಯಸ್. ಆ ಜುಲೈ 19ರ ರಾತ್ರಿ ತಾಪ 36 ಸೆಲ್ಸಿಯಸ್‌ಗಿಂತ ಕೆಳಗಿಳಿಯಲೇ ಇಲ್ಲ. ಮರುವರ್ಷ 2024ರಲ್ಲಿ ಸತತ 113 ದಿನ 100 ಫ್ಯಾರನ್‌ಹೀಟ್ ಮುಟ್ಟಿತು ಇಲ್ಲವೇ ಮೀರಿತು. ಇಂಥ ಊರಿನಲ್ಲಿ ಸೂರಿನ ಯೋಗ್ಯತೆಯನ್ನು ವರ್ಷಕ್ಕೆ ಕೆಲವೇ ಬಾರಿ ಬರುವ ಮಳೆಯಿಂದ ಅಳೆದು, ಮುನ್ನೂರು ದಿನ ತಲೆಯ ಮೇಲೆ ನಿಲ್ಲುವ ಸೂರ್ಯನನ್ನು ಲೆಕ್ಕಕ್ಕೇ ತೆಗೆದುಕೊಳ್ಳದಿರುವುದು ಯಾವ ಜಾಣತನ?

ಇದಕ್ಕೆ ಪುರಾವೆ ಹುಡುಕಲು ಪ್ರಯೋಗಾಲಯಕ್ಕೆ ಹೋಗಬೇಕಾಗಿಲ್ಲ. ಹದಿನೈದು ಹದಿನೆಂಟು ವರ್ಷ ಹಳೆಯದಾದ ಶಿಂಗಲ್ ಸೂರಿನ ಎರಡು ಮಗ್ಗುಲುಗಳನ್ನು ನೋಡಿದರೆ ಸಾಕು. ಉತ್ತರದ ಇಳಿಜಾರು ಇನ್ನೂ ಮಟ್ಟಸವಾಗಿರುತ್ತದೆ, ಮೇಲಿನ ಹರಳುಗಳು ಬಹುತೇಕ ಇದ್ದಲ್ಲೇ ಇರುತ್ತವೆ. ದಕ್ಷಿಣದ ಮತ್ತು ಪಶ್ಚಿಮದ ಇಳಿಜಾರಿನಲ್ಲಿ ಶಿಂಗಲ್‌ನ ಅಂಚು ಮೇಲಕ್ಕೆ ಸುರುಳಿಯಾಗಿರುತ್ತದೆ, ಮೈ ಬಿರಿದಿರುತ್ತದೆ, ಹರಳು ಉದುರಿದ ಕಡೆ ಕರಿ ಡಾಂಬರು ಬೋಳುಬೋಳಾಗಿ ಕಾಣುತ್ತದೆ. ಮಾಲು ಒಂದೇ, ಹಾಕಿದ ದಿನ ಒಂದೇ, ಹಾಕಿದ ಕೈ ಒಂದೇ. ಬಿದ್ದ ಮಳೆಯಲ್ಲೂ ಹೇಳಿಕೊಳ್ಳುವಂಥ ಭೇದವಿಲ್ಲ. ಬೇರೆ ಬೇರೆಯಾಗಿದ್ದದ್ದು ಬಿಸಿಲು ಮಾತ್ರ. ಆ ಸೂರನ್ನು ಕೊಂದದ್ದು ಯಾರೆಂದು ಅದರ ಹೆಣವೇ ಹೇಳುತ್ತಿರುವಾಗ, ಹೊಸ ಸೂರು ಹಾಕುವವರು ಮಾತ್ರ ಬರೀ ಸೋರಿಕೆಯ ಮಾತಾಡುತ್ತಾರೆ.

ಶಿಂಗಲ್ ಸಾಯುವ ಬಗೆಯನ್ನೂ ತಿಳಿದುಕೊಳ್ಳಬೇಕು. ಗಾಜಿನ ನಾರಿನ ಚಾಪೆಗೆ ಡಾಂಬರು ಲೇಪಿಸಿ, ಅದರ ಮೇಲೆ ಬಣ್ಣ ಹಾಕಿ ಸುಟ್ಟ ಕಲ್ಲಿನ ಹರಳು ಒತ್ತಿದರೆ ಅದು ಶಿಂಗಲ್. ಹರಳು ಅಲಂಕಾರಕ್ಕೆ ಮಾತ್ರ ಇರುವುದಲ್ಲ. ಡಾಂಬರಿಗೆ ನೇರಳಾತೀತ ಕಿರಣ ತಾಕದಂತೆ ಕಾಯುವುದೇ ಅದರ ದೊಡ್ಡ ಕೆಲಸ. ಬಿಸಿಲಿನ ಕಾವಿಗೆ ಡಾಂಬರಿನಲ್ಲಿರುವ ಎಣ್ಣೆಯಂಶ ಮೆಲ್ಲಗೆ ಹಾರಿಹೋಗುತ್ತದೆ, ಉಳಿದದ್ದು ಗಾಳಿಯ ಆಮ್ಲಜನಕದೊಡನೆ ಸೇರಿ ಗಟ್ಟಿಯಾಗಿ ಪೆಡಸಾಗುತ್ತದೆ, ಪೆಡಸಾದದ್ದು ಹರಳನ್ನು ಹಿಡಿದುಕೊಳ್ಳಲಾರದು. ಹರಳು ಉದುರಿದರೆ ಮತ್ತಷ್ಟು ಬಿಸಿಲು ಒಳಕ್ಕೆ. ಹಗಲು 65 ಸೆಲ್ಸಿಯಸ್ ಮೀರಿ ಕಾದ ಈ ಹಾಳೆಯ ಮೇಲೆ ಜುಲೈ–ಆಗಸ್ಟ್‌ನ ಮಾನ್ಸೂನ್ ಸಂಜೆ ದಿಢೀರನೆ ತಣ್ಣನೆಯ ಮಳೆ ಸುರಿಯುತ್ತದೆ. ಹಿಗ್ಗಿದ್ದು ಕುಗ್ಗುತ್ತದೆ, ಮರುದಿನ ಮತ್ತೆ ಹಿಗ್ಗುತ್ತದೆ. ಅದೇ ಮಾನ್ಸೂನಿನ ಬಿರುಗಾಳಿ ಅಂಟು ಬಿಟ್ಟ ಅಂಚುಗಳನ್ನು ಎಬ್ಬಿಸಿ ಹಾರಿಸುತ್ತದೆ. ಆಗ ನೀರು ಒಳಗಿಳಿಯುತ್ತದೆ, ಆಗ ಮನೆಯವರು ಗಾಳಿಮಳೆಗೆ ಸೂರು ಹೋಯಿತು ಎನ್ನುತ್ತಾರೆ. ಗಾಳಿಮಳೆ ಬಂದು ಮಾಡಿದ್ದು ಶವಸಂಸ್ಕಾರ ಮಾತ್ರ.

ಈ ವಸ್ತು ಹುಟ್ಟಿದ್ದು ಮರುಭೂಮಿಯಲ್ಲಲ್ಲ ಎಂಬುದನ್ನೂ ನೆನೆಯಬೇಕು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮಿಷಿಗನ್ ರಾಜ್ಯದ ಗ್ರ್ಯಾಂಡ್ ರ‍್ಯಾಪಿಡ್ಸ್‌ನಲ್ಲಿ, ಡಾಂಬರು ಸುರುಳಿಯನ್ನು ತುಂಡು ತುಂಡಾಗಿ ಕತ್ತರಿಸಿ ಮಾರಿದವರಿಂದ ಇದು ಶುರುವಾಯಿತು. ಅದು ಹಿಮದ ಊರು. ಅಗ್ಗವಾಗಿ, ಹಗುರವಾಗಿ, ಬೇಗ ಹೊದಿಸಬಹುದಾದದ್ದರಿಂದ ಅಮೆರಿಕದ ಬಹುಪಾಲು ಮನೆಗಳ ತಲೆಯೇರಿತು. ಅದರ ಜೊತೆಗೇ ಹಿಮದ ನಾಡಿನ ಮಾರಾಟದ ಮಾತುಗಳೂ ಬಂದವು. ಫೀನಿಕ್ಸಿನಲ್ಲಿ ಶಿಂಗಲ್ ಮಾರುವಾಗ ಪಾಚಿ ಕಟ್ಟದು ಎಂಬ ಗುಣವನ್ನು ಇಂದಿಗೂ ಹೊಗಳುತ್ತಾರೆ. ಪಾಚಿ! ಅಲ್ಲಿ ಪಾಚಿ ನೋಡಬೇಕೆಂದರೆ ಈಜುಕೊಳಕ್ಕೆ ಕ್ಲೋರಿನ್ ಹಾಕುವುದು ಮರೆಯಬೇಕು.

ಇನ್ನು ವಾರಂಟಿ. ಮೂವತ್ತು ವರ್ಷ ಎನ್ನುತ್ತಿದ್ದ ಕಂಪನಿಗಳು ಈಗ ಜೀವಮಾನದ ಮಾತಾಡುತ್ತವೆ. ಯಾರ ಜೀವಮಾನ ಎಂದು ಕೇಳಬಾರದು. ಸಣ್ಣಕ್ಷರ ಓದಿದರೆ ತಿಳಿಯುತ್ತದೆ: ಭರವಸೆ ಇರುವುದು ತಯಾರಿಕೆಯ ದೋಷಕ್ಕೆ, ಬಿಸಿಲಿಗೆ ಸವೆದದ್ದಕ್ಕಲ್ಲ. ಮೊದಲ ಕೆಲವು ವರ್ಷ ಕಳೆದ ಮೇಲೆ ಪರಿಹಾರ ವರ್ಷವರ್ಷವೂ ಕರಗುತ್ತ ಹೋಗುತ್ತದೆ, ಕೂಲಿ ಹೊರಗುಳಿಯುತ್ತದೆ. ಅಟ್ಟದಲ್ಲಿ ಗಾಳಿಯಾಡುವ ವ್ಯವಸ್ಥೆ ಸರಿಯಿರಲಿಲ್ಲವೆಂದು ತೋರಿಸಿ ಅದನ್ನೂ ನಿರಾಕರಿಸಬಹುದು. ಈ ಬಿಸಿಲಿನಲ್ಲಿ ಸಾಮಾನ್ಯ ಶಿಂಗಲ್ ಹದಿನೈದರಿಂದ ಇಪ್ಪತ್ತು ವರ್ಷ ಬಾಳಿದರೆ ಪುಣ್ಯ ಎಂದು ಹಳೆಯ ರೂಫರುಗಳು ಒಪ್ಪಿಕೊಳ್ಳುತ್ತಾರೆ. ಬಾಯಿಮಾತಿನಲ್ಲಿ ಮಾತ್ರ.

ಹಾಗಾದರೆ ಏನು ಬದಲಿಸಬೇಕು? ನಾನು ಶಿಂಗಲ್ಲನ್ನೇ ಬಹಿಷ್ಕರಿಸಿ ಎನ್ನುತ್ತಿಲ್ಲ. ಕಾಂಕ್ರೀಟ್ ಹೆಂಚು ಐವತ್ತು ವರ್ಷ ಬಾಳುತ್ತದೆ, ಅದರಡಿ ಗಾಳಿಯೂ ಆಡುತ್ತದೆ, ನಿಜ. ಆದರೆ ಅದರ ತೂಕ ಶಿಂಗಲ್‌ನ ಮೂರ‍್ನಾಲ್ಕು ಪಟ್ಟು. ಶಿಂಗಲ್‌ಗೆಂದು ಕಟ್ಟಿದ 1980ರ ದಶಕದ ಮನೆಯ ಮರದ ಚೌಕಟ್ಟು ಅದನ್ನು ಹೊರುತ್ತದೆಂದು ಎಂಜಿನಿಯರ್ ಸಹಿ ಹಾಕಬೇಕು. ಹೆಂಚಿನಡಿಯ ಕಾಗದದ ಹಾಸೂ ಇಪ್ಪತ್ತು ಮೂವತ್ತು ವರ್ಷಕ್ಕೆ ಪುಡಿಯಾಗಿ, ಹೆಂಚೆಲ್ಲ ಇಳಿಸಿ ಏರಿಸುವ ಖರ್ಚು ತರುತ್ತದೆ. ಲೋಹದ ಸೂರು ಒಳ್ಳೆಯದು, ಜೇಬು ಗಟ್ಟಿಯಿದ್ದವರು ಹಾಕಿಸಲಿ. ಉಳಿದವರಿಗೆ ಶಿಂಗಲ್ಲೇ ಇರಲಿ, ಆದರೆ ಆ ಕಡುಬಣ್ಣ ಬೇಡ.

ಲೆಕ್ಕ ಸರಳ. ಬೇಸಿಗೆಯ ನಡುಹಗಲಲ್ಲಿ ಚದರ ಮೀಟರಿಗೆ ಸುಮಾರು ಒಂದು ಸಾವಿರ ವ್ಯಾಟ್ ಬಿಸಿಲು ಬೀಳುತ್ತದೆ. ಎರಡು ಸಾವಿರ ಚದರಡಿಯ, ರೂಫರ್ ಭಾಷೆಯಲ್ಲಿ ಇಪ್ಪತ್ತು ಸ್ಕ್ವೇರ್‌ನ ಸೂರೆಂದರೆ ಸುಮಾರು 185 ಚದರ ಮೀಟರ್. ಕಡುಗಪ್ಪು ಶಿಂಗಲ್ ಬಿದ್ದ ಬಿಸಿಲಿನಲ್ಲಿ ನೂರಕ್ಕೆ ಐದೋ ಹತ್ತೋ ಪಾಲು ಹಿಂದಕ್ಕೆ ಚಿಮ್ಮಿಸುತ್ತದೆ, ಉಳಿದದ್ದನ್ನು ಕುಡಿಯುತ್ತದೆ. ಪ್ರತಿಫಲನ ನೂರಕ್ಕೆ ಮೂವತ್ತರ ಹತ್ತಿರವಿರುವ ಶಿಂಗಲ್ ಹಾಕಿದರೆ, ಇಳಿಜಾರಿನ ಓರೆಯನ್ನು ಕಳೆದರೂ, ನಡುಹಗಲಲ್ಲಿ ಮೂವತ್ತು ಕಿಲೋವ್ಯಾಟ್‌ನಷ್ಟು ಶಾಖವನ್ನು ಸೂರು ಕುಡಿಯುವುದೇ ಇಲ್ಲ. ಒಂದು ಟನ್ ಎಸಿ ಹೊರಹಾಕಬಲ್ಲದ್ದು ಮೂರೂವರೆ ಕಿಲೋವ್ಯಾಟ್. ಸೂರು ಕುಡಿದದ್ದೆಲ್ಲ ಮನೆಯೊಳಗೆ ಬರುವುದಿಲ್ಲ, ಹೆಚ್ಚಿನ ಪಾಲು ಹೊರಗಿನ ಗಾಳಿಗೇ ಹೋಗುತ್ತದೆ. ಅಂದರೆ ನೆರೆಮನೆಗೆ, ಬೀದಿಗೆ, ರಾತ್ರಿಯೂ ಆರದ ಊರಿಗೆ. ಅದೇನು ಸಮಾಧಾನದ ಮಾತೇ?

ಇಲ್ಲಿ ಎದುರಾಳಿಯ ಅತ್ಯಂತ ಗಟ್ಟಿ ವಾದವನ್ನು ಎದುರಿಸಬೇಕು. ಬಣ್ಣ ಯಾವುದಾದರೇನು, ಅಟ್ಟದ ನೆಲದ ಮೇಲೆ ದಪ್ಪ ಇನ್ಸುಲೇಶನ್ ಹಾಸಿದರೆ ಸೂರಿನ ಬಿಸಿ ಕೋಣೆಗೆ ಇಳಿಯುವುದೇ ಇಲ್ಲವಲ್ಲ, ಎನ್ನುತ್ತಾರೆ. ತಿಳಿದವರೇ ಹೇಳುವ ಮಾತಿದು. ಇನ್ಸುಲೇಶನ್ ಬೇಕೇ ಬೇಕು, ಅದರಲ್ಲಿ ತಕರಾರಿಲ್ಲ. ಆದರೆ ಈ ವಾದ ಮಾಡುವವರು ಏಣಿ ಹತ್ತಿ ಅಟ್ಟದೊಳಗೆ ತಲೆ ಹಾಕಿ ನೋಡಬೇಕು. ಫೀನಿಕ್ಸ್ ಉಪನಗರದ ಮನೆಗಳಲ್ಲಿ ಎಸಿಯ ತಣ್ಣನೆಯ ಗಾಳಿ ಹೊತ್ತೊಯ್ಯುವ ಡಕ್ಟ್‌ಗಳು ಮಲಗಿರುವುದು ಆ ಇನ್ಸುಲೇಶನ್ನಿನ ಮೇಲೆ, ಅಟ್ಟದ ಬಿಸಿಗಾಳಿಯಲ್ಲಿ. ಬೇಸಿಗೆಯ ಮಧ್ಯಾಹ್ನ ಆ ಗಾಳಿ 60 ಸೆಲ್ಸಿಯಸ್ ದಾಟುವುದು ಹೊಸತೇನಲ್ಲ. ಹದಿಮೂರು ಹದಿನಾಲ್ಕು ಡಿಗ್ರಿಯ ಗಾಳಿಯನ್ನು ತೆಳ್ಳನೆಯ ಹೊದಿಕೆಯ ಕೊಳವೆಯಲ್ಲಿ ಆ ಕುಲುಮೆಯ ನಡುವೆ ಹಾಯಿಸುವುದೆಂದರೆ ಮಜ್ಜಿಗೆಯನ್ನು ತಣ್ಣಗಿಡಲು ಒಲೆಯ ಮೇಲಿಟ್ಟಂತೆ. ಸಾಲದ್ದಕ್ಕೆ ಸಾಮಾನ್ಯ ಮನೆಯ ಡಕ್ಟ್‌ಗಳಲ್ಲಿ ಹರಿಯುವ ಗಾಳಿಯ ನೂರಕ್ಕೆ ಇಪ್ಪತ್ತರಿಂದ ಮೂವತ್ತು ಪಾಲು ಸಂದಿಗೊಂದಿಗಳಲ್ಲಿ ಸೋರಿಹೋಗುತ್ತದೆ ಎಂದು ಅಮೆರಿಕ ಸರ್ಕಾರದ ಎನರ್ಜಿ ಸ್ಟಾರ್ ಯೋಜನೆಯೇ ಹೇಳುತ್ತದೆ. ಕೋಣೆಯ ತಲೆಯ ಮೇಲೆ ಎಷ್ಟು ದಪ್ಪ ಹಾಸಿದರೂ ಅದು ಕೋಣೆಯನ್ನು ಕಾಯುತ್ತದೆ, ಕೊಳವೆಯನ್ನು ಕಾಯುವುದಿಲ್ಲ. ಅಟ್ಟವನ್ನೇ ತಣ್ಣಗಾಗಿಸಬೇಕಾದರೆ ಬಿಸಿಲನ್ನು ಸೂರಿನ ಮೇಲ್ಮೈಯಲ್ಲೇ ತಿರುಗಿಸಿ ಕಳಿಸಬೇಕು.

ಹೊಸ ಸೂರಿನ ಕೆಲಸ ಹಿಡಿದಾಗಲೇ ಗಾಳಿಕಿಂಡಿಗಳನ್ನೂ ಸರಿಪಡಿಸಬೇಕು. ಸೂರಿನ ಅಂಚಿನಡಿಯ ಕಿಂಡಿಗಳು ಪದರ ಪದರ ಪೇಂಟ್ ತಿಂದು ಮುಚ್ಚಿಹೋಗಿರುತ್ತವೆ, ಒಳಗಿನಿಂದ ಇನ್ಸುಲೇಶನ್ ಬಂದು ಅಡ್ಡ ಕೂತಿರುತ್ತದೆ. ಆದರೂ ಶಿಂಗಲ್‌ನ ತಾಪವನ್ನು ಇಳಿಸುವುದರಲ್ಲಿ ಕಿಂಡಿಗಿಂತ ಬಣ್ಣದ್ದೇ ಮೇಲುಗೈ.

ಎಚ್‌ಒಎಗಳ ಮಾತಿಗೆ ಬರೋಣ. ಬಡಾವಣೆಯ ಅಂದ ಕೆಡುತ್ತದೆ, ಬಿಳಿ ಸೂರು ಕಣ್ಣು ಕುಕ್ಕುತ್ತದೆ, ಆದ್ದರಿಂದ ಒಪ್ಪಿತ ಬಣ್ಣಗಳ ಪಟ್ಟಿಯಲ್ಲಿ ಮಣ್ಣಿನ ಕಡುಬಣ್ಣಗಳೇ ಇರಲಿ ಎನ್ನುತ್ತಾರೆ. ಈ ಆಕ್ಷೇಪಕ್ಕೆ ಇಪ್ಪತ್ತು ವರ್ಷಗಳ ಹಿಂದೆಯೇ ಉತ್ತರ ಸಿಕ್ಕಿಬಿಟ್ಟಿದೆ. ಸೂರ್ಯನ ಶಕ್ತಿಯಲ್ಲಿ ಸುಮಾರು ಅರ್ಧ ಕಣ್ಣಿಗೆ ಕಾಣದ ಅವಕೆಂಪು ಕಿರಣದಲ್ಲಿದೆ. ಕಣ್ಣಿಗೆ ಕಂದಾಗಿಯೇ ಕಂಡು ಆ ಅವಕೆಂಪನ್ನು ಮಾತ್ರ ಚಿಮ್ಮಿಸುವ ಬಣ್ಣದ ಹರಳುಗಳು ಮಾರುಕಟ್ಟೆಯಲ್ಲಿವೆ. ಬರ್ಕ್ಲಿ ಮತ್ತು ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯಗಳ ವಿಜ್ಞಾನಿಗಳು ಇದಕ್ಕಾಗಿ ವರ್ಷಗಟ್ಟಲೆ ದುಡಿದಿದ್ದಾರೆ. ಬೀದಿಯಲ್ಲಿ ನಿಂತು ನೋಡುವ ಎಚ್‌ಒಎ ಸಮಿತಿಗೆ ವ್ಯತ್ಯಾಸ ಕಾಣದು, ಸೂರ್ಯನಿಗೆ ಕಾಣುತ್ತದೆ. ಹೀಗಿದ್ದೂ ಪಟ್ಟಿ ಬದಲಾಗದಿದ್ದರೆ ಅದು ಸೌಂದರ್ಯಪ್ರಜ್ಞೆಯಲ್ಲ, ಸೋಮಾರಿತನ.

ಕಾನೂನಿನದೂ ಅದೇ ಕಥೆ. ಕೊಲರಾಡೊ ನದಿ ದಾಟಿ ಕ್ಯಾಲಿಫೋರ್ನಿಯಾದ ಬ್ಲೈದ್ ಊರಿಗೆ ಹೋಗಿ. ಮರುಭೂಮಿ ಅದೇ, ಬಿಸಿಲು ಅದೇ. ಅಲ್ಲಿ ಸೂರು ಬದಲಿಸಿದರೆ ಇಳಿಜಾರು ಸೂರಿಗೂ ರಾಜ್ಯದ ಇಂಧನ ಸಂಹಿತೆ ಕನಿಷ್ಠ ಪ್ರತಿಫಲನ ನಿಗದಿಮಾಡಿದೆ, ಇಲ್ಲವೇ ಅದಕ್ಕೆ ಸಮನಾದ ಬೇರೆ ಉಪಾಯ ತೋರಿಸಬೇಕು. ಲಾಸ್ ಏಂಜಲೀಸ್ ನಗರ 2013ರ ಕೊನೆಯಲ್ಲೇ ಮನೆಗಳಿಗೆ ತಂಪು ಸೂರಿನ ನಿಯಮ ತಂದಿತು. ನಿಯಮಗಳೆಂದರೆ ಮೂಗು ಮುರಿಯುವ ಟೆಕ್ಸಸ್ ಕೂಡ 2011ರಲ್ಲಿ ಒಂದು ಕಾಯ್ದೆ ಮಾಡಿ, ಗಾಳಿ–ಆಲಿಕಲ್ಲು ತಡೆಯುವ ಅಥವಾ ಸಾಮಾನ್ಯ ಶಿಂಗಲ್‌ಗಿಂತ ಹೆಚ್ಚು ಇಂಧನ ಉಳಿಸುವ ಶಿಂಗಲ್ಲುಗಳನ್ನು, ನೋಟ ಹೊಂದಿಕೊಳ್ಳುವವರೆಗೆ, ಬಡಾವಣೆಯ ಸಂಘಗಳು ನಿಷೇಧಿಸುವಂತಿಲ್ಲ ಎಂದಿತು. ಅರಿಜೋನಾದಲ್ಲಿ ಸೌರ ಫಲಕಕ್ಕೆ ಎಚ್‌ಒಎ ಅಡ್ಡಿ ಮಾಡುವಂತಿಲ್ಲವೆಂಬ ಕಾನೂನು ಇದೆ. ಆ ಫಲಕ ಕೂರುವ ಸೂರಿನ ಬಣ್ಣಕ್ಕೂ ಅದೇ ರಕ್ಷಣೆ ಸಿಗಬೇಕು.

ಫಲಕದ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. ಇಪ್ಪತ್ತೈದು ವರ್ಷದ ಫಲಕವನ್ನು ಐದು ವರ್ಷದ ಆಯುಷ್ಯ ಉಳಿದ ಸೂರಿನ ಮೇಲೆ ಕೂರಿಸಿದರೆ, ನಾಳೆ ಫಲಕ ಇಳಿಸಿ ಏರಿಸಲು ಸಾವಿರಾರು ಡಾಲರ್ ತೆರಬೇಕಾಗುತ್ತದೆ. ಮೊದಲು ಸೂರು, ಆಮೇಲೆ ಸೌರ.

ಅಗ್ಗದ ಮಾತಾಡುವವರಿಗೂ ಒಂದು ಉತ್ತರವಿದೆ. ಹತ್ತು ಹದಿನೈದು ಸಾವಿರ ಡಾಲರ್ ಮುಟ್ಟುವ ಈ ಕೆಲಸದಲ್ಲಿ ಹಳೆಯದನ್ನು ಕೀಳುವ ಕೂಲಿ, ಸಾಗಿಸುವ ಬಾಡಿಗೆ, ಕೊಳೆತ ಹಲಗೆ ಬದಲಿಸುವ ಖರ್ಚು, ಕೆಳಹಾಸು, ಮೊಳೆ, ಇವೆಲ್ಲ ಯಾವ ಬಣ್ಣಕ್ಕೂ ಒಂದೇ. ತಂಪು ಶಿಂಗಲ್‌ಗೆ ಮಾಲಿನ ಬೆಲೆ ಸ್ವಲ್ಪ ಹೆಚ್ಚು, ಅಷ್ಟೇ. ಎಪಿಎಸ್ ಎಂಬ ವಿದ್ಯುತ್ ಕಂಪನಿಯ ಸಮಯಾಧಾರಿತ ದರದಲ್ಲಿ ವಾರದ ದಿನಗಳ ಸಂಜೆ ನಾಲ್ಕರಿಂದ ಏಳರವರೆಗೆ ಕರೆಂಟು ದುಬಾರಿ. ಪಶ್ಚಿಮದ ಇಳಿಜಾರು ಕೆಂಡವಾಗುವುದೂ ಅದೇ ಹೊತ್ತಿಗೆ. ಚಳಿಗಾಲದಲ್ಲಿ ಬೆಚ್ಚಗಿರಲು ಕಪ್ಪು ಸೂರು ಬೇಕೆನ್ನುವವರು ಜನವರಿಯಲ್ಲೂ ನಡುಹಗಲು ಇಪ್ಪತ್ತು ಡಿಗ್ರಿಯ ಹತ್ತಿರವಿರುವ ಊರಿನಲ್ಲಿ ಯಾವ ಚಳಿಗೆ ಹೆದರುತ್ತಾರೋ ಕಾಣೆ.

ನಿಜವಾದ ಅಗ್ಗದ ಮೋಸಗಳು ಬೇರೆ ಇವೆ. ಹಳೆಯ ಶಿಂಗಲ್ ಮೇಲೆಯೇ ಹೊಸದನ್ನು ಹೊಡೆದುಬಿಡೋಣ ಎನ್ನುವುದು ಒಂದು. ಎರಡು ಪದರಕ್ಕೆ ಕಟ್ಟಡ ಸಂಹಿತೆ ಅಡ್ಡಬಾರದಿದ್ದರೂ, ಕೆಳಗಿನ ಹಲಗೆಯ ಸ್ಥಿತಿ ಕಾಣದೆ, ಮೇಲಿನ ಪದರ ಇನ್ನಷ್ಟು ಕಾದು ಬೇಗ ಸಾಯುತ್ತದೆ. ಹಳೆಯ ಶಿಂಗಲ್‌ಗೆ ಬಿಳಿ ಪೇಂಟ್ ಬಳಿದರಾಯಿತು ಎನ್ನುವುದು ಇನ್ನೊಂದು. ಚಪ್ಪಟೆ ಫೋಮ್ ಸೂರಿಗೆ ಅದು ಸರಿ. ಶಿಂಗಲ್‌ಗೆ ಬಳಿದರೆ ಹಾಳೆಗಳು ಒಂದಕ್ಕೊಂದು ಅಂಟಿ, ತೇವ ಸಿಕ್ಕಿಬಿದ್ದು, ಅಂಚು ಮುದುರುತ್ತದೆ.

ಈ ಊರಿಗೆ ಒಮ್ಮೆ ಒಳ್ಳೆಯ ಅವಕಾಶ ಸಿಕ್ಕಿತ್ತು. 2010ರ ಅಕ್ಟೋಬರ್ 5ರಂದು ಫೀನಿಕ್ಸ್ ಪ್ರದೇಶದ ಮೇಲೆ ಬಿದ್ದ ಆಲಿಕಲ್ಲು ಶತಕೋಟಿಗಟ್ಟಲೆ ಡಾಲರ್ ನಷ್ಟ ಮಾಡಿ, ಅಸಂಖ್ಯ ಸೂರುಗಳನ್ನು ಜಜ್ಜಿಹಾಕಿತು. ವಿಮೆಯ ಹಣ ಹೊಳೆಯಾಗಿ ಹರಿಯಿತು, ಎಲ್ಲೆಲ್ಲಿಂದಲೋ ಗುತ್ತಿಗೆದಾರರು ಬಂದು ಬಾಗಿಲು ತಟ್ಟಿದರು. ವಿಮೆಯ ಸೂತ್ರ ಇದ್ದದ್ದಕ್ಕೆ ಇದ್ದದ್ದೇ. ಅಂದು ಹೊದಿಸಿದ ಸೂರುಗಳೇ ಈಗ ಮುದಿಯಾಗಿ ಮತ್ತೆ ಬದಲಿಗೆ ಕಾಯುತ್ತಿರುವುದು.

ಇದರಲ್ಲಿ ನಮ್ಮವರ ಪಾಲೂ ಇದೆ. ಚಾಂಡ್ಲರ್‌ನ ಇಂಟೆಲ್ ಕಾರ್ಖಾನೆಗಳ ಸುತ್ತ ಕನ್ನಡ ಕೇಳಿಸುವ ಮನೆಗಳು ಬೇಕಾದಷ್ಟಿವೆ. ಕಲಬುರಗಿ, ರಾಯಚೂರು, ವಿಜಯಪುರದ ಕಡೆಯಿಂದ ಹೋದವರಿಗೆ ಬಿಸಿಲು ಮನೆಯೊಳಗೆ ಬರುವುದು ತಲೆಯ ಮೇಲಿನಿಂದ ಎಂದು ಯಾರೂ ಪಾಠ ಹೇಳಬೇಕಿಲ್ಲ. ಅವರ ಹಿರಿಯರು ಮಾಳಿಗೆಗೆ ಗೇಣುದ್ದ ಮಣ್ಣು ಹೊದಿಸಿದವರು, ತಾರಸಿ ಬಂದ ಮೇಲೆ ಬೇಸಿಗೆಗೆ ಸುಣ್ಣ ಬಳಿದವರು. ಆ ಸೀಮೆಗೆ ಹತ್ತಿಕೊಂಡ ತೆಲಂಗಾಣ 2023ರಲ್ಲಿ ತಂಪು ಛಾವಣಿಯ ನೀತಿಯನ್ನೇ ತಂದಿದೆ. ಅದೇ ಮಂದಿ ಅಮೆರಿಕದಲ್ಲಿ ಮನೆ ಕೊಂಡಾಗ, ಮನೆ ಮಾರುವಾಗ ಬೆಲೆ ಬರಲಿ ಎಂದು ಇದ್ದಿಲು ಬಣ್ಣದ ಶಿಂಗಲ್ ಆರಿಸಿ ಎಸಿಯನ್ನು ಒಂದು ಟನ್ ಹೆಚ್ಚಿಸಿಕೊಳ್ಳುತ್ತಾರೆ. ಓದಿದವರು ಊರಿನ ತಿಳಿವಳಿಕೆಯನ್ನು ವಿಮಾನ ನಿಲ್ದಾಣದಲ್ಲೇ ಇಳಿಸಿ ಹೋದರೇನೋ.

ಸೆಕೆಗೆ ಎಸಿ ಇದೆ ಎಂಬ ಧೈರ್ಯದ ಇನ್ನೊಂದು ಮುಖವನ್ನೂ ನೋಡಲೇಬೇಕು. ಫೀನಿಕ್ಸ್ ಇರುವ ಮ್ಯಾರಿಕೋಪಾ ಕೌಂಟಿಯಲ್ಲಿ 2023ರಲ್ಲಿ ಬಿಸಿಲಿನ ಸಂಬಂಧದಿಂದ ಸತ್ತವರು 645 ಮಂದಿ. ಮನೆಯ ಹೊರಗೆ ಸತ್ತವರೇ ಹೆಚ್ಚು, ಆದರೆ ಮನೆಯೊಳಗೆ ಸತ್ತವರೂ ಇದ್ದರು. ಒಳಗೆ ಸತ್ತವರಲ್ಲಿ ಹೆಚ್ಚಿನವರ ಮನೆಯಲ್ಲಿ ಎಸಿ ಇತ್ತು, ಕೆಲಸ ಮಾಡುತ್ತಿರಲಿಲ್ಲ. ಅದೇ 2023ರಲ್ಲಿ ಸಂಶೋಧಕ ಬ್ರಯಾನ್ ಸ್ಟೋನ್ ಮತ್ತು ಸಂಗಡಿಗರು ಅಟ್ಲಾಂಟಾ, ಡೆಟ್ರಾಯಿಟ್, ಫೀನಿಕ್ಸ್ ನಗರಗಳಿಗೆ ಬಿಸಿಗಾಳಿಯ ನಡುವೆ ದಿನಗಟ್ಟಲೆ ಕರೆಂಟು ಹೋದರೆ ಏನಾದೀತೆಂದು ಕಂಪ್ಯೂಟರ್ ಮಾದರಿಯಲ್ಲಿ ಲೆಕ್ಕಹಾಕಿದರು. ಫೀನಿಕ್ಸಿನ ಸುಮಾರು ಅರ್ಧ ಜನಕ್ಕೆ ತುರ್ತು ಚಿಕಿತ್ಸೆ ಬೇಕಾದೀತು, ಹನ್ನೆರಡು ಸಾವಿರಕ್ಕೂ ಹೆಚ್ಚು ಮಂದಿ ಸತ್ತಾರು ಎಂದು ಬಂತು. ತಂಪು ಸೂರುಗಳು ಆ ಸಾವನ್ನು ಗಣನೀಯವಾಗಿ ತಗ್ಗಿಸಬಲ್ಲವೆಂದೂ ಅದೇ ಅಧ್ಯಯನ ಹೇಳಿತು. ಕರೆಂಟು ಹೋದ ಮೇಲೂ ಸೂರಿನ ಬಣ್ಣ ಕೆಲಸ ಮಾಡುತ್ತಲೇ ಇರುತ್ತದೆ.

ಸೂರಿನ ಮೇಲೆ ಹತ್ತಿ ದುಡಿಯುವವರನ್ನು ಈ ಚರ್ಚೆಯಲ್ಲಿ ಯಾರೂ ನೆನೆಯುವುದಿಲ್ಲ. ಬಹುಪಾಲು ಲ್ಯಾಟಿನೋ ಕೂಲಿಗಳು, ಬೆಳಗಿನ ಜಾವ ಶುರುಮಾಡಿ ಬಿಸಿಲೇರುವ ಮೊದಲು ಇಳಿಯಲು ಒದ್ದಾಡುವವರು. ಜುಲೈನಲ್ಲಿ ಸೂರು ಹಾಕಿಸಿದರೆ ಅವರ ಅಂಗಾಲೂ ಸುಡುತ್ತದೆ, ಮೆತ್ತಗಾದ ಹೊಸ ಶಿಂಗಲ್ ಮೇಲೆ ಬೂಟಿನ ಗುರುತು ಬಿದ್ದು ಹರಳೂ ಕಿತ್ತುಬರುತ್ತದೆ. ಸೋರಿಕೆಯ ತುರ್ತಿಲ್ಲದಿದ್ದರೆ ಅಕ್ಟೋಬರ್‌ನಿಂದ ಏಪ್ರಿಲ್ ನಡುವೆ ಮಾಡಿಸಿ.

ಆದ್ದರಿಂದ ಸೂರು ಬದಲಿಸಲು ಹೊರಟಿರುವ ಓದುಗರಲ್ಲಿ ನನ್ನ ಕೇಳಿಕೆ ಇಷ್ಟು. ಗುತ್ತಿಗೆದಾರನ ಅಂದಾಜು ಪಟ್ಟಿಗೆ ಸಹಿ ಹಾಕುವ ಮೊದಲು ಅರಿಜೋನಾದ ಗುತ್ತಿಗೆದಾರರ ನೋಂದಣಿ ಇಲಾಖೆಯಲ್ಲಿ ಅವನ ಪರವಾನಗಿ ನೋಡಿ. ಪರವಾನಗಿ ಇದ್ದವನ ಕೆಲಸ ಕೆಟ್ಟರೆ ಇಲಾಖೆಯ ಪರಿಹಾರ ನಿಧಿಯಿಂದ ಮನೆಯೊಡೆಯರೊಬ್ಬರಿಗೆ ಗರಿಷ್ಠ ಮೂವತ್ತು ಸಾವಿರ ಡಾಲರ್‌ವರೆಗೆ ಸಿಗುವ ಅವಕಾಶವಿದೆ, ಇಲ್ಲದವನದಕ್ಕೆ ಇಲ್ಲ. ಆಮೇಲೆ ಒಂದೇ ಪ್ರಶ್ನೆ ಕೇಳಿ: ಈ ಶಿಂಗಲ್‌ಗೆ ಕೂಲ್ ರೂಫ್ ರೇಟಿಂಗ್ ಕೌನ್ಸಿಲ್ ಮೂರು ವರ್ಷ ಬಿಸಿಲಿಗಿಟ್ಟ ನಂತರ ಕೊಟ್ಟಿರುವ ಪ್ರತಿಫಲನದ ಅಂಕಿ ಎಷ್ಟು? ಅದು ಸೊನ್ನೆ ದಶಮಾಂಶ ಎರಡಕ್ಕಿಂತ ಕಡಿಮೆಯಿದ್ದರೆ ಬೇರೆ ಮಾಲು ತೋರಿಸಲು ಹೇಳಿ. ಆ ಪ್ರಶ್ನೆಯೇ ಅರ್ಥವಾಗದ ಗುತ್ತಿಗೆದಾರನಿಗೆ ಮರುಭೂಮಿಯ ಸೂರು ವಹಿಸಬೇಡಿ.